ದಾರಿಯಲ್ಲಿ ಕೊಟ್ಟ ಹೇಳಿಕೆ

ನನ್ನ ಸ್ವಂತ ಕಂಪೆನಿಯ ಮೊದಲ ಕಾರ್ಯಕ್ರಮಕ್ಕೆ ಇನ್ನು ಮೂರೇ ದಿನ ಎನ್ನುವಾಗ ಶಾಮಿಯಾನ, ಕುರ್ಚಿ ಬಾಡಿಗೆಗೆ ಕೊಡುವ ಹೂಡೆಯ ಕಾಕ ಫೋನು ಮಾಡಿದರು. "ಮಗಳೇ, ಕುರ್ಚಿ ಇನ್ನೂರು ಹಾಕುವುದಾ, ನೂರಾ ಅರವತ್ತು ಸಾಕಾ?" ಎಂದು ಕೇಳಿದರು. ನಾನು ಗತ್ತಿನಿಂದ, "ಇನ್ನೂರು ಅಂದರೆ ಇನ್ನೂರೇ ಕಾಕ. ನಾನು ಬರೆದದ್ದು ತಪ್ಪುವುದಿಲ್ಲ" ಎಂದೆ. ಅವರು, "ಅಲ್ಲ, ಮಟ್ಟು ಊರಿನವರು ಯಾರೂ ಬರುವುದಿಲ್ಲವಂತೆ. ಹಾಗಾಗಿ ಕೇಳಿದ್ದು" ಎಂದರು.

ಕಂಪೆನಿ ಎಂದೆನಲ್ಲ, ಅದರ ಉದ್ದಗಲವನ್ನೂ ಹೇಳಿಬಿಡುತ್ತೇನೆ. ಮಣಿಪಾಲದ ಒಂದು ಜೆರಾಕ್ಸ್ ಅಂಗಡಿಯ ಮಹಡಿಯಲ್ಲಿ ಒಂದು ಕೋಣೆ, ಅದರಲ್ಲೊಂದು ಮೇಜು, ಒಂದು ಲ್ಯಾಪ್‌ಟಾಪ್, ಕೆಳಗೆ ನಿಲ್ಲಿಸಿದ ಸ್ಕೂಟರು, ಮತ್ತು ನಾನು. ಅದಕ್ಕೆ ಮೊದಲು ಏಳು ವರ್ಷ ದೊಡ್ಡದೊಂದು ಇವೆಂಟ್ ಕಂಪೆನಿಯಲ್ಲಿ ದುಡಿದಿದ್ದೆ. ನಾನು ತಿಂಗಳುಗಟ್ಟಲೆ ಕುಳಿತು ಮಾಡಿದ ಯೋಜನೆಗೆ ಅಲ್ಲಿಯ ಮ್ಯಾನೇಜರು ತನ್ನ ಹೆಸರು ಹಾಕಿಕೊಂಡದ್ದನ್ನು ನೋಡಿದ ದಿನ, ಕುತ್ತಿಗೆಯ ಗುರುತು ಚೀಟಿಯನ್ನು ತೆಗೆದು ಅವರ ಚಹದ ಕಪ್ಪಿನಲ್ಲಿ ಅದ್ದಿ ಎದ್ದು ಬಂದಿದ್ದೆ. ನನ್ನ ಸಿಟ್ಟೇ ಹಾಗೆ. ಮೊದಲು ಕೆಲಸ ಮುಗಿಸುತ್ತದೆ, ಆಮೇಲೆ ನನ್ನನ್ನು ಕೇಳುತ್ತದೆ.

ಹಾಗೆ ಎದ್ದು ಬಂದವಳಿಗೆ ಸಿಕ್ಕಿದ ಮೊದಲ ಕೆಲಸ ಇದು. ಮಣಿಪಾಲದ ಒಂದು ಕಾಲೇಜಿನಲ್ಲಿ ಆಹಾರದ ಬಗ್ಗೆ ಪಾಠ ಮಾಡುವ ಪ್ರೊಫೆಸರರೊಬ್ಬರಿಗೆ ಮಟ್ಟು ಗುಳ್ಳದ ಮೇಲೆ, ಅಂದರೆ ಮಟ್ಟು ಊರಿನ ಬದನೆಯ ಮೇಲೆ, ಮೋಹ. ಮೈಸೂರಿನವರು, ಇಲ್ಲಿಗೆ ಬಂದು ಮೊದಲ ಸಲ ಗುಳ್ಳದ ಹುಳಿ ಉಂಡ ದಿನವೇ, ಬದನೆಕಾಯಿ ಎಂದು ತಾನು ಅದುವರೆಗೆ ತಿಂದದ್ದೆಲ್ಲ ಮೋಸ ಎಂದು ತೀರ್ಮಾನಿಸಿದವರು. ಗುಳ್ಳ ಬೆಳೆಯುವವರು, ಬೇಯಿಸುವವರು, ಅದರ ಬಗ್ಗೆ ಓದುವವರು ಒಂದು ದಿನ ಒಟ್ಟಿಗೆ ಕುಳಿತು ಮಾತಾಡಬೇಕು ಎನ್ನುವುದು ಅವರ ಆಸೆ. ನನ್ನನ್ನು ಕರೆದು ಅವರು ಹೇಳಿದ್ದು ಇಷ್ಟೇ: "ನೋಡಿ ಮೇಡಂ, ಭಾಷಣ ಮಾಡುವವರು ಎಲ್ಲಿ ಬೇಕಾದರೂ ಸಿಗುತ್ತಾರೆ. ಬೆಳೆಯುವವರು ಬೆಳಿಗ್ಗೆ ಒಂಬತ್ತೂವರೆಗೆ ಸಭೆಯಲ್ಲಿ ಕೂತಿರಬೇಕು. ಅವರೇ ನಮ್ಮ ಮುಖ್ಯ ಸ್ಟೇಕ್‌ಹೋಲ್ಡರ್ಸ್, ಇದಕ್ಕೆ ನಿಜವಾಗಿ ಸಂಬಂಧಪಟ್ಟವರು. ಅವರು ಬಂದರೆ ಮುಂದಿನ ವರ್ಷದಿಂದ ನಮ್ಮ ವಿಭಾಗದ ಎಲ್ಲ ಕಾರ್ಯಕ್ರಮ ನಿಮ್ಮದು. ಬರದಿದ್ದರೆ ನಿಮ್ಮ ಹಳೆಯ ಕಂಪೆನಿಯನ್ನೇ ಕರೆಯಬೇಕಾಗುತ್ತದೆ."

ಆ ಚಹದ ಕಪ್ಪು ನನ್ನ ಕಣ್ಣ ಮುಂದೆ ತೇಲಿತು. ಅದು ಒಂದು ಹೆದರಿಕೆ. ಇನ್ನೊಂದು ಆಸೆಯೂ ಇತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ನನ್ನ ಅಮ್ಮ ಅಜೆಕಾರಿನಲ್ಲಿ ಅಣ್ಣ ಅತ್ತಿಗೆಯ ಜೊತೆ ಇದ್ದುಕೊಂಡು ನಲವತ್ತು ವರ್ಷಗಳಿಂದ ರವಕೆ ಹೊಲಿಯುವವಳು. ಅವಳ ಮೆಷಿನಿನ ಎದುರು ದಿನಕ್ಕೆ ಹತ್ತು ಹೆಂಗಸರು ಕುಳಿತು ಲೋಕದ ಸುದ್ದಿ ಇಸ್ತ್ರಿ ಮಾಡುತ್ತಾರೆ. ಅವರಲ್ಲಿ ಯಾರಾದರೂ, ಮುಖ್ಯವಾಗಿ ಪಕ್ಕದ ಮನೆಯ ನಿವೃತ್ತ ಟೀಚರು, "ಮಗಳು ಎಂತ ಮಾಡುತ್ತಾಳೆ?" ಎಂದು ಕೇಳಿದರೆ ಅಮ್ಮ, "ಮಣಿಪಾಲದಲ್ಲಿ, ಆಫೀಸಿನಲ್ಲಿ" ಎಂದಷ್ಟೇ ಹೇಳಿ ಸೂಜಿಗೆ ನೂಲು ಹಾಕಲು ಶುರುಮಾಡುತ್ತಿದ್ದಳು. ನೂಲು ಆಗಲೇ ಇದ್ದರೂ ತೆಗೆದು ಮತ್ತೆ ಹಾಕುತ್ತಿದ್ದಳು. ನನ್ನ ಹತ್ತಿರ ಮಾತ್ರ ನೇರ: "ಕಂಡವರ ಕಾರ್ಯಕ್ರಮಕ್ಕೆ ಕುರ್ಚಿ ಹಾಕಿಸುವುದು ಒಂದು ಕೆಲಸವಾ ಮಾರಾಯ್ತಿ?" ಅಮ್ಮ ಒಂದು ಸಲ, ಒಂದೇ ಒಂದು ಸಲ, ನನ್ನ ಕೆಲಸ ಇಂಥದ್ದು ಎಂದು ಆ ಟೀಚರ ಎದುರು ಬಾಯಿ ತುಂಬ ಹೇಳಬೇಕು ಎಂದು ನನಗೆ ಆಸೆ.

ಹಾಗಾಗಿ ಈ ಕಾರ್ಯಕ್ರಮಕ್ಕೆ ನಾನು ಕಲಿತ ವಿದ್ಯೆಯನ್ನೆಲ್ಲ ಸುರಿದಿದ್ದೆ. ಹಳೆಯ ಕಂಪೆನಿಯಲ್ಲಿ ನಮಗೊಂದು ತರಬೇತಿ ಕೊಟ್ಟಿದ್ದರು. ದೊಡ್ಡ ಹಾಳೆಯಲ್ಲಿ ನಾಲ್ಕು ಚೌಕ ಬರೆದು, ಯಾರಿಗೆ ಅಧಿಕಾರ ಹೆಚ್ಚು, ಯಾರಿಗೆ ಆಸಕ್ತಿ ಹೆಚ್ಚು ಎಂದು ನೋಡಿ ಒಬ್ಬೊಬ್ಬರನ್ನೂ ಒಂದೊಂದು ಚೌಕದಲ್ಲಿ ಕೂರಿಸಬೇಕು. ಬಣ್ಣದ ಚೀಟಿ ಅಂಟಿಸಬೇಕು. ಅಧಿಕಾರ ಹೆಚ್ಚಿದ್ದವರನ್ನು ಖುದ್ದಾಗಿ ಕಾಣಬೇಕು. ಕಡಿಮೆ ಇದ್ದವರಿಗೆ ಒಂದು ಸಂದೇಶ ಕಳಿಸಿದರೆ ಸಾಕು. ನಾನು ಪ್ರೊಫೆಸರರನ್ನು, ಕಾಲೇಜಿನ ಪ್ರಾಂಶುಪಾಲರನ್ನು, ಇಬ್ಬರು ಹೋಟೆಲು ಮಾಲಕರನ್ನು ಕೆಂಪು ಚೌಕದಲ್ಲಿ ಕೂರಿಸಿದೆ. ಮಟ್ಟುವಿನ ನಲವತ್ತು ಮನೆಗಳನ್ನೂ ಸೇರಿಸಿ ಒಂದೇ ಬೂದು ಬಣ್ಣದ ಚೀಟಿ ಮಾಡಿ ಕೆಳಗಿನ ಮೂಲೆಗೆ ಅಂಟಿಸಿದೆ. ಆ ವಾರ ಏನೋ ಕೆಲಸಕ್ಕೆ ಉಡುಪಿಗೆ ಬಂದಿದ್ದ ಅಮ್ಮ ನನ್ನ ಕೋಣೆಗೂ ಬಂದು ಗೋಡೆಯ ಆ ಹಾಳೆಯನ್ನು ಕನ್ನಡಕ ಏರಿಸಿ ನೋಡಿದಳು.

"ಇದರಲ್ಲಿ ನಾನು ಎಲ್ಲಿ?" ಎಂದಳು.

"ನೀನು ಎಲ್ಲಿಯೂ ಇಲ್ಲ ಅಮ್ಮ. ಇದು ಕೆಲಸಕ್ಕೆ ಸಂಬಂಧಪಟ್ಟವರದ್ದು" ಎಂದು ನಾನು ನಕ್ಕೆ. ಅವಳು ತಲೆಯಾಡಿಸಿ, ತಂದ ಕಡುಬಿನ ಡಬ್ಬಿ ಮೇಜಿನ ಮೇಲಿಟ್ಟು ಬಸ್ಸಿಗೆ ಹೋದಳು.

ಇನ್ನು ಮಟ್ಟುವಿನವರಿಗೆ ನಾನು ಹೇಗೆ ತಿಳಿಸಿದೆ ಎನ್ನುವುದನ್ನು ಹೇಳಬೇಕು. ಈಗ ಬರೆಯುವಾಗಲೂ ಕಿವಿ ಬಿಸಿಯಾಗುತ್ತದೆ. ಆ ನಲವತ್ತು ಮನೆಗಳಿಗೆ ಹಿರಿಯರು ಎಂದರೆ ಒಬ್ಬರು ಅಜ್ಜಿ. ಅವರು ಗಿಡ ನೆಟ್ಟ ಮೇಲೆಯೇ ಉಳಿದವರು ನೆಡುವುದು, ಅವರು ಕೊಯ್ದ ಮೇಲೆಯೇ ಉಳಿದವರು ಕೊಯ್ಯುವುದು ಎಂದು ಕಾಪುವಿನ ಸಂತೆಯಲ್ಲೇ ಕೇಳಿದ್ದೆ. ಒಂದು ಬೆಳಿಗ್ಗೆ ಕಟಪಾಡಿಯ ಬಸ್ ಸ್ಟ್ಯಾಂಡಿನಲ್ಲಿ ಅವರು ಗುಳ್ಳದ ಗೋಣಿ ಕಾಲಬುಡದಲ್ಲಿಟ್ಟುಕೊಂಡು ಬಸ್ಸಿಗೆ ಕಾಯುತ್ತಿದ್ದುದು ಕಾಣಿಸಿತು. ಅದೃಷ್ಟ ಎಂದರೆ ಇದು ಎಂದುಕೊಂಡೆ. ಸ್ಕೂಟರಿನಿಂದ ಇಳಿಯಲೂ ಇಲ್ಲ. ಒಂದು ಕಾಲು ನೆಲಕ್ಕೂರಿ, ಹೆಲ್ಮೆಟ್ಟಿನ ಗಾಜು ಮೇಲೆತ್ತಿ, ಬ್ಯಾಗಿನಿಂದ ಆಮಂತ್ರಣದ ಕಟ್ಟು ತೆಗೆದು ಅವರ ಕೈಯಲ್ಲಿಟ್ಟೆ. "ಅಜ್ಜಿ, ಖಂಡಿತ ಬರಬೇಕು. ಉಳಿದ ಮನೆಯವರಿಗೂ ನೀವೇ ಒಂದು ಮಾತು ಹೇಳಿಬಿಡಿ" ಎಂದೆ. ಅಜ್ಜಿ ನನ್ನ ಹೆಲ್ಮೆಟ್ಟನ್ನು ನೋಡಿದರು, ಕಟ್ಟನ್ನು ನೋಡಿದರು. "ಆಯ್ತು, ನೋಡುವ" ಎಂದರು. ನಾನು ಖುಷಿಯಲ್ಲಿ ಅವರ ಜೊತೆ ಒಂದು ಸೆಲ್ಫಿಯನ್ನೂ ತೆಗೆದುಕೊಂಡೆ. ಕೋಣೆಗೆ ಬಂದು, ಉರಿಯುವ ದೀಪವೊಂದು ಕುಣಿಯುವ ಆಮಂತ್ರಣವನ್ನು ಮಟ್ಟುವಿನ ಯುವಕರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ, ನಲವತ್ತು ಮನೆಗಳ ಎದುರೂ ಹಸಿರು ಗುರುತು ಎಳೆದೆ.

ಕಾಕನ ಫೋನು ಬಂದಾಗ ಆ ಹಸಿರು ಗುರುತುಗಳನ್ನೇ ನೋಡುತ್ತ ಕುಳಿತಿದ್ದೆ. "ಯಾಕಂತೆ ಕಾಕ?" ಎಂದೆ.

"ಹೇಳಿಕೆ ಆಗಲಿಲ್ಲವಂತೆ."

ನಮ್ಮ ಕಡೆ ಹೇಳಿಕೆ ಎಂದರೆ ಮನೆಗೆ ಹೋಗಿ ಕರೆಯುವುದು. ಕಾಗದ ಎಷ್ಟು ದಪ್ಪ ಇದ್ದರೂ, ಚಿನ್ನದ ಬಣ್ಣದಲ್ಲಿ ಅಚ್ಚಾಗಿದ್ದರೂ ಅದು ಕಾಗದ ಮಾತ್ರ. ಮನೆಯ ಮೆಟ್ಟಿಲು ಹತ್ತಿ, ಕುಳಿತು, ಬೆಲ್ಲ ನೀರು ಕುಡಿದು, ಆಮೇಲೆ ಬಾಯಿಬಿಟ್ಟು ಹೇಳಿದರೆ ಅದು ಹೇಳಿಕೆ. ಇದೆಲ್ಲ ನನಗೆ ಗೊತ್ತಿಲ್ಲದ್ದಲ್ಲ. ಅಣ್ಣನ ಮದುವೆಗೆ ಅಮ್ಮನ ಜೊತೆ ನಾನೇ ಮನೆಮನೆ ಸುತ್ತಿದ್ದೆ. ಆದರೆ ಅದು ಮದುವೆ, ಇದು ಕೆಲಸ. ಕೆಲಸಕ್ಕೆ ಇರುವುದು ಚೌಕ ಮತ್ತು ಚೀಟಿ ಎಂದು ತಿಳಿದುಕೊಂಡಿದ್ದೆ. ಮಟ್ಟುವಿನ ಗುಂಪಿಗೆ ಐದು ಸಂದೇಶ ಕಳಿಸಿದೆ. ಐದನ್ನೂ ಎಲ್ಲರೂ ನೋಡಿದರು, ಒಬ್ಬರೂ ಉತ್ತರಿಸಲಿಲ್ಲ. ಕೊನೆಗೆ ಅಮ್ಮನಿಗೆ ಫೋನು ಮಾಡಿ ಎಲ್ಲ ಹೇಳಿದೆ, ಅರ್ಧ ಅಳು, ಅರ್ಧ ಸಿಟ್ಟು. "ಓದಿದವರು ಕರೆದರೆ ಇವರಿಗೆ ಆಗುವುದಿಲ್ಲ, ಇಷ್ಟು ಅಹಂಕಾರವಾ?" ಎಂದೂ ಕೂಗಿದೆ.

ಆ ಕಡೆಯಿಂದ ನಗು ಕೇಳಿಸಿತು. ಅಮ್ಮ ಎಷ್ಟು ನಕ್ಕಳೆಂದರೆ ಮೆಷಿನಿನ ಎದುರು ಕುಳಿತಿದ್ದವರೂ ಸುಮ್ಮನೆ ಜೊತೆಗೆ ನಗತೊಡಗಿದರು. "ಸ್ಕೂಟರಿನಲ್ಲಿ ಕೂತೇ ಹೇಳಿದ್ದಾ? ಉಳಿದವರಿಗೂ ನೀವೇ ಹೇಳಿ ಅಂದದ್ದಾ? ಅಯ್ಯೋ ದೇವರೇ, ಕರೆಸಿಕೊಳ್ಳುವವರ ಕೈಯಲ್ಲೇ ಕರೆಯುವ ಕೆಲಸ ಮಾಡಿಸಿದ್ದಾ?" ಎಂದಳು. ಮತ್ತೆ ನಕ್ಕು, "ನಾಳೆ ಮೊದಲ ಬಸ್ಸಿಗೆ ಬರುತ್ತೇನೆ. ಹೇಳಿಕೆಗೆ ಒಬ್ಬಳೇ ಹೋಗುವ ಕ್ರಮ ಇಲ್ಲ. ಒಬ್ಬಳೇ ಹೋದರೆ ಕರೆಂಟು ಬಿಲ್ಲು ಕೊಡಲು ಬಂದ ಹಾಗೆ ಆಗುತ್ತದೆ" ಎಂದಳು.

ಮರುದಿನ ಅಮ್ಮ ಇಸ್ತ್ರಿ ಮಾಡಿದ ಸೀರೆ ಉಟ್ಟು, ಕೊಡೆ ಹಿಡಿದು, ಬಟ್ಟೆಯ ಚೀಲ ಹೆಗಲಿಗೆ ಹಾಕಿ ಬಂದಿಳಿದಳು. ನನ್ನ ಜೀನ್ಸ್ ನೋಡಿ ಚೀಲದಿಂದ ಚೂಡಿದಾರ ತೆಗೆದು ಕೊಟ್ಟಳು. ಸ್ಕೂಟರು ಮಟ್ಟುವಿನ ದಾರಿ ಹಿಡಿದಾಗ ಹಿಂದಿನಿಂದ ಪಾಠ ಶುರುವಾಯಿತು. ಹೋದ ಕೂಡಲೇ ವಿಷಯಕ್ಕೆ ಬರಬಾರದು. ಕೊಟ್ಟದ್ದನ್ನು ಬಿಡಬಾರದು. ಕುರ್ಚಿಯ ತುದಿಯಲ್ಲಿ ಕೂರಬಾರದು, ಪೂರ್ತಿ ಕೂರಬೇಕು, ಇಲ್ಲದಿದ್ದರೆ ಓಡಿಹೋಗಲು ಬಂದವಳಂತೆ ಕಾಣುತ್ತದೆ. "ನೋಡು, ಅಳತೆಯನ್ನು ಬಾಯಿಯಲ್ಲಿ ಕೇಳಿ ರವಕೆ ಹೊಲಿಯಲು ಆಗುವುದಿಲ್ಲ. ಹತ್ತಿರ ಹೋಗಿ ಟೇಪು ಹಿಡಿಯಬೇಕು" ಎಂದಳು. ಏಳು ವರ್ಷದ ಕೆಲಸದಲ್ಲಿ ಇಷ್ಟು ಸರಿಯಾದ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ, ಆದರೆ ನಾನು ಒಪ್ಪಿಕೊಳ್ಳಲಿಲ್ಲ. "ಸರಿ ಸರಿ, ಗಟ್ಟಿಯಾಗಿ ಹಿಡಿದುಕೋ" ಎಂದೆ.

ಮೊದಲು ಅಜ್ಜಿಯ ಮನೆ. ಒಂದು ಕಡೆ ಸಮುದ್ರದ ಸದ್ದು, ಇನ್ನೊಂದು ಕಡೆ ಹೊಳೆ, ನಡುವೆ ಮರಳು ನೆಲದಲ್ಲಿ ಸಾಲುಸಾಲು ಗುಳ್ಳದ ಗಿಡ. ಅಜ್ಜಿ ಗದ್ದೆಯಲ್ಲಿದ್ದರು. ನಮ್ಮನ್ನು ನೋಡಿಯೂ ನೋಡದವರಂತೆ ಒಂದು ಸಾಲು ಪೂರ್ತಿ ನೀರು ಹಾಕಿದರು. ಅಮ್ಮ ಚಪ್ಪಲಿ ಬಿಟ್ಟು, ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಬದಿಯಲ್ಲಿದ್ದ ಇನ್ನೊಂದು ಕೊಡ ಎತ್ತಿಕೊಂಡು ಎರಡನೇ ಸಾಲಿಗೆ ನೀರು ಹಾಕತೊಡಗಿದಳು. ನಾನೂ ಒಂದು ಕೊಡ ಹಿಡಿದೆ; ಅರ್ಧ ನೀರು ನನ್ನ ಕಾಲಿಗೇ ಬಿತ್ತು. ಮೂರನೆಯ ಸಾಲು ಮುಗಿದ ಮೇಲೆ ಅಜ್ಜಿ ಸೊಂಟಕ್ಕೆ ಕೈಯಿಟ್ಟು ನಿಂತು ನನ್ನನ್ನು ನೋಡಿ, "ಇವತ್ತು ತಲೆಗೆ ಚೊಂಬು ಹಾಕಲಿಲ್ಲವಾ?" ಎಂದರು.

"ತಪ್ಪಾಯಿತು ಅಜ್ಜಿ" ಎಂದೆ.

"ರಸ್ತೆಯಲ್ಲಿ ಸಿಕ್ಕಿದವರನ್ನು ಬಸ್ಸಿಗೆ ಕರೆಯುತ್ತಾರೆ. ಮನೆ ಕಾರ್ಯಕ್ಕೆ ಕರೆಯುವುದಿಲ್ಲ. ಅಲ್ವಾ?" ಎಂದು ಅಮ್ಮನ ಕಡೆ ತಿರುಗಿದರು.

"ಅದು ಹೌದು ಅಕ್ಕ. ಮಕ್ಕಳಿಗೆ ನಾವು ಕಲಿಸಿದ್ದು ಸಾಲಲಿಲ್ಲ" ಎಂದಳು ಅಮ್ಮ. ನಾನು ಮುಖ ಉಬ್ಬಿಸಿದೆ. ಅಜ್ಜಿ ಒಳಗೆ ಹೋಗಿ ಬೆಲ್ಲ, ನೀರು ತಂದಿಟ್ಟರು. ಆದರೂ ಅವರ ಮುಖ ಸಡಿಲವಾಗಲಿಲ್ಲ. ಅಮ್ಮ ಬೆಲ್ಲ ಬಾಯಿಗೆ ಹಾಕಿಕೊಂಡು ಅವರ ಹೆಗಲನ್ನೇ ದಿಟ್ಟಿಸುತ್ತಿದ್ದಳು. ಮತ್ತೆ, ಕಾರ್ಯಕ್ರಮದ ಸುದ್ದಿಯೇ ಇಲ್ಲದೆ, "ಅಕ್ಕ, ಈ ರವಕೆ ಯಾರು ಹೊಲಿದದ್ದು? ಕೈ ಮೇಲೆತ್ತಿದರೆ ತೋಳು ಎಳೆಯುವುದಿಲ್ಲವಾ?" ಎಂದು ಕೇಳಿದಳು.

ಅಜ್ಜಿಯ ಬಾಯಿ ತೆರೆಯಿತು. ನೀರು ಹಾಕುವಾಗ ಎಳೆಯುತ್ತದೆ, ಕಾಯಿ ಕೊಯ್ಯುವಾಗ ಕುತ್ತಿಗೆ ಜಾರುತ್ತದೆ, ಎಷ್ಟು ದರ್ಜಿಗಳಿಗೆ ಹೇಳಿದರೂ ಯಾರಿಗೂ ತನ್ನ ಹೆಗಲು ಅರ್ಥವಾಗಿಲ್ಲ ಎಂದು ಅವರು ಹತ್ತು ನಿಮಿಷ ಹೇಳಿದರು. ಅಮ್ಮ ಚೀಲದಿಂದ ಟೇಪು ತೆಗೆದಳು. ನಾನು ಬಂದದ್ದು ಸ್ಟೇಕ್‌ಹೋಲ್ಡರನ್ನು ಒಲಿಸಲು. ಅಲ್ಲಿ ನಡೆಯುತ್ತಿದ್ದುದು ಕಂಕುಳಿನ ಅಳತೆ. ಅಳತೆ ಮುಗಿದ ಮೇಲೆಯೇ ಅಮ್ಮ ಕಾಗದ ಎರಡು ಕೈಯಲ್ಲಿ ಹಿಡಿದು, "ಮಗಳ ಕಾರ್ಯಕ್ರಮ ಉಂಟು ಅಕ್ಕ, ನಾಡಿದ್ದು. ಮನೆಯವರೆಲ್ಲ ಬಂದು ನಡೆಸಿಕೊಡಬೇಕು" ಎಂದಳು. ಅಜ್ಜಿ ಕಾಗದ ತೆಗೆದುಕೊಂಡು ಕಣ್ಣಿಗೆ ಒತ್ತಿ ದೇವರ ಕೋಣೆಯಲ್ಲಿಟ್ಟು ಬಂದರು. "ಆದರೆ ಊಟದ ಎಲೆಯಲ್ಲಿ ಗುಳ್ಳ ನಮ್ಮದೇ ಆಗಬೇಕು. ಬೇರೆ ಬದನೆ ಹಾಕಿ ಹೆಸರು ನಮ್ಮದು ಹೇಳಿದರೆ ಅಡುಗೆಮನೆಗೆ ಬಂದು ತೊಟ್ಟಿನಲ್ಲಿ ನಮ್ಮ ಗುಳ್ಳದ ಮುಳ್ಳು ಉಂಟಾ ಅಂತ ಮುಟ್ಟಿ ನೋಡುತ್ತೇನೆ, ಗೊತ್ತುಂಟಲ್ಲ?" ಎಂದರು. ನಾನು ನೂರು ಸಲ ತಲೆಯಾಡಿಸಿದೆ.

ಅಲ್ಲಿಂದ ಶುರುವಾಯಿತು ನಮ್ಮ ದಿಗ್ವಿಜಯ. ಎರಡು ದಿನ, ಮೂವತ್ತೊಂಬತ್ತು ಮನೆ. ಬೆಲ್ಲ ನೀರು, ಪುನರ್ಪುಳಿ ಶರಬತ್ತು, ಮಜ್ಜಿಗೆ, ಬೊಂಡದ ಎಳನೀರು, ಚಹ, ಕಾಫಿ, ಮತ್ತೆ ಬೆಲ್ಲ. ಅಮ್ಮನ ಹೊಟ್ಟೆ ಯಾವ ಅಳತೆಯದ್ದೋ, ಎಲ್ಲ ಮನೆಯಲ್ಲೂ "ಸ್ವಲ್ಪ ಸಾಕು" ಎಂದು ಹೇಳಿ ಪೂರ್ತಿ ಕುಡಿಯುತ್ತಿದ್ದಳು. ನಾನು ಹನ್ನೊಂದನೆಯ ಮನೆಯ ಹೊತ್ತಿಗೆ ನಡೆದರೆ ಒಳಗೆ ಕುಲುಕುವ ಶಬ್ದ ಕೇಳುವ ಸ್ಥಿತಿಗೆ ಬಂದಿದ್ದೆ. ಹದಿನಾಲ್ಕನೆಯ ಮನೆಯಲ್ಲಿ ಯಾರೂ ನೋಡುತ್ತಿಲ್ಲವೆಂದು ಒಂದು ಲೋಟ ಮಜ್ಜಿಗೆಯನ್ನು ಮೆಲ್ಲ ಜಗಲಿಯ ಬದಿಯ ಗಿಡಕ್ಕೆ ಸುರಿದೆ. ಒಳಗಿನಿಂದ ಆ ಮನೆಯ ಹೆಂಗಸು, "ಅದು ನಿನ್ನೆ ನೆಟ್ಟ ಮಲ್ಲಿಗೆ. ಉಪ್ಪು ಹಾಕಿದ ಮಜ್ಜಿಗೆ ಅಲ್ವಾ ಅದು?" ಎಂದರು. ಅಮ್ಮ ತಕ್ಷಣ, "ಇವಳಿಗೆ ಗಿಡಗಳೆಂದರೆ ಪ್ರೀತಿ, ತಾನು ಕುಡಿಯುವ ಮೊದಲು ಗಿಡಕ್ಕೆ ಕೊಡುತ್ತಾಳೆ" ಎಂದಳು. ಹೊರಗೆ ಬಂದು ಸ್ಕೂಟರು ಹತ್ತುವ ಮೊದಲು ನಾವಿಬ್ಬರೂ ತೆಂಗಿನ ಮರ ಹಿಡಿದುಕೊಂಡು ನಕ್ಕೆವು. ಅಮ್ಮ ಹಾಗೆ ನಗುವುದನ್ನು ನಾನು ಚಿಕ್ಕಂದಿನಲ್ಲೂ ನೋಡಿದ ನೆನಪಿಲ್ಲ. ನನಗೆ ಅಂದು ಇಪ್ಪತ್ತು ವರ್ಷ ಕಡಿಮೆಯಾಗಿತ್ತು, ಅವಳಿಗೆ ನಲವತ್ತು.

ಎರಡನೆಯ ದಿನ ಮಧ್ಯಾಹ್ನ ಅಮ್ಮ ಕಟಪಾಡಿಯ ಒಬ್ಬ ದರ್ಜಿಯ ಅಂಗಡಿಯಲ್ಲಿ ಮೆಷಿನು ಕೇಳಿ ಕುಳಿತು, ಅಜ್ಜಿಯ ರವಕೆಯನ್ನು ಒಂದೇ ಪಟ್ಟಿಗೆ ಹೊಲಿದು ಮುಗಿಸಿದಳು. ಅದನ್ನು ಅಜ್ಜಿಯ ಮನೆಗೆ ಮುಟ್ಟಿಸಿ, ಸಂಜೆ ಉಡುಪಿಯ ಬಸ್ ಸ್ಟ್ಯಾಂಡಿನಲ್ಲಿ ಅವಳನ್ನು ಇಳಿಸಿದೆ. ತಲೆತುಂಬ ಮೈಕು, ಶಾಲು, ಎಲೆ, ನೀರಿನ ಬಾಟಲಿಗಳೇ ತುಂಬಿದ್ದವು. ಸ್ಕೂಟರು ತಿರುಗಿಸುತ್ತಲೇ, "ನಾಳೆ ಸಿಗುವ ಅಮ್ಮ" ಎಂದು ಕೂಗಿದೆ. ಅವಳು ಕೈಬೀಸಿದಳು.

ಕಾರ್ಯಕ್ರಮದ ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಕಾಲೇಜಿನ ಸಭಾಂಗಣದಲ್ಲಿ ಕುರ್ಚಿಗಳು ಮತ್ತು ನಾನು. ಒಂಬತ್ತು ಇಪ್ಪತ್ತಕ್ಕೆ ಪ್ರೊಫೆಸರರು ಬಂದು ಗಡಿಯಾರ ನೋಡಿದರು, ಬಾಗಿಲು ನೋಡಿದರು, ನನ್ನನ್ನು ನೋಡಿದರು. ನನ್ನ ಬಾಯಿ ಒಣಗಿತ್ತು. ಆಗ ಒಂದು ಲೋಟ ಮಜ್ಜಿಗೆ ಸಿಕ್ಕಿದ್ದರೆ ಗಿಡಕ್ಕೆ ಸುರಿಯುತ್ತಿರಲಿಲ್ಲ. ಒಂಬತ್ತು ಇಪ್ಪತ್ತಾರಕ್ಕೆ ಹೊರಗೆ ಹಾರ್ನು ಕೇಳಿಸಿತು. ಬಾಡಿಗೆ ಬಸ್ಸೊಂದು ಗೇಟಿನೊಳಗೆ ಬಂತು. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಟೆಂಪೋ.

ನಾನು ಎಣಿಸಿದ್ದು ಮನೆಗೆ ಒಬ್ಬರಂತೆ ನಲವತ್ತು ಜನ. ಅಮ್ಮ ಕರೆದದ್ದು ಮನೆಯವರೆಲ್ಲರನ್ನು. ಗಂಡ, ಹೆಂಡತಿ, ಮಾವ, ಅತ್ತೆ, ತೊಟ್ಟಿಲಿನ ಮಗು, ರಜೆಯಲ್ಲಿ ದುಬೈಯಿಂದ ಬಂದ ಅಳಿಯ, ಎಲ್ಲರೂ ಮದುವೆಗೆ ಬಂದವರಂತೆ ಸಿಂಗರಿಸಿಕೊಂಡು ಇಳಿಯುತ್ತಲೇ ಇದ್ದರು. ಮುಂದೆ ಹೊಸ ರವಕೆಯಲ್ಲಿ ಅಜ್ಜಿ. ಟೆಂಪೋದಲ್ಲಿ ನಾಲ್ಕು ಗೋಣಿ ಗುಳ್ಳ. ನಾನು ಓಡಿಹೋಗಿ ಕಾಕನ ತೋಳು ಹಿಡಿದು, "ಕಾಕ, ಕುರ್ಚಿ ಸಾಲುವುದಿಲ್ಲ, ಸತ್ತೆ" ಎಂದೆ. ಕಾಕ ನಿಧಾನವಾಗಿ, "ಮುನ್ನೂರೈವತ್ತು ತಂದಿದ್ದೇನೆ ಮಗಳೇ. ಹಿಂದೆ ಲಾರಿಯಲ್ಲಿ ಉಂಟು. ನಿನ್ನ ತಾಯಿ ಹೇಳಿಕೆಗೆ ಹೋಗಿದ್ದಾರೆ ಅಂತ ಕೇಳಿದೆ. ಮೂವತ್ತು ವರ್ಷ ಶಾಮಿಯಾನ ಹಾಕಿದವನಿಗೆ ಅಷ್ಟೂ ಗೊತ್ತಾಗುವುದಿಲ್ಲವಾ?" ಎಂದರು. ಅಡುಗೆಯವರಿಗೆ ಗೋಣಿಗಳನ್ನು ತೋರಿಸಿದೆ. ಅವರು ನನಗೆ ಬೈಯುತ್ತಲೇ ಅಕ್ಕಿ ತರಿಸಿದರು.

ಒಂಬತ್ತೂವರೆಗೆ ಸರಿಯಾಗಿ ದೀಪ ಹಚ್ಚಿದ್ದು ಅಜ್ಜಿ. ಪ್ರೊಫೆಸರರ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಮೊದಲ ಗೋಷ್ಠಿಯಲ್ಲೇ ಅಜ್ಜಿ ಎದ್ದು ನಿಂತು, ಪರದೆಯ ಮೇಲಿನ ಚಿತ್ರದಲ್ಲಿರುವುದು ಮಟ್ಟು ಗುಳ್ಳವೇ ಅಲ್ಲ ಎಂದು ಸಾಧಿಸಿ ತೋರಿಸಿದರು. ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿದರು. ಚಹದ ಹೊತ್ತಿಗೆ ಪ್ರೊಫೆಸರರು ನನ್ನನ್ನು ಬದಿಗೆ ಕರೆದು, "ಮುಂದಿನ ವರ್ಷದ್ದೂ ನಿಮ್ಮದೇ, ಅದರಲ್ಲಿ ಮಾತಿಲ್ಲ. ಆದರೆ ಈ ಸ್ಟೇಕ್‌ಹೋಲ್ಡರ್ ಎಂಗೇಜ್‌ಮೆಂಟನ್ನು ಯಾವ ವಿಧಾನದಲ್ಲಿ ಮಾಡಿದಿರಿ? ಒಂದು ವರದಿ ಬರೆದುಕೊಡಿ" ಎಂದರು.

"ಬೆಲ್ಲ ತಿಂದೆ ಸರ್" ಎಂದೆ. ಅವರು ಅದನ್ನೂ ಬರೆದುಕೊಂಡರು.

ನಾನು ನೆಲದ ಮೇಲಿರಲಿಲ್ಲ. ಹಾರಾಡುತ್ತಿದ್ದೆ. ಹಾಗೆ ಹಾರಾಡುತ್ತಿದ್ದವಳ ಕೈಯನ್ನು ಅಜ್ಜಿ ಹಿಡಿದು ನಿಲ್ಲಿಸಿದರು. "ನಿನ್ನ ಅಮ್ಮ ಎಲ್ಲಿ? ರವಕೆ ಹೇಗೆ ಕೂತಿದೆ ಅಂತ ತೋರಿಸಬೇಕಿತ್ತು. ಕೈ ಎತ್ತಿದರೂ ಎಳೆಯುವುದಿಲ್ಲ, ನೋಡು" ಎಂದು ಕೈ ಎತ್ತಿ ತೋರಿಸಿದರು.

ನಾನು ಸುತ್ತ ನೋಡಿದೆ. ಅಷ್ಟು ಜನರ ನಡುವೆ ಅಮ್ಮ ಇರಲಿಲ್ಲ. ಫೋನು ಮಾಡಿದೆ.

"ಜನ ಬಂದರಾ? ಕುರ್ಚಿ ಸಾಕಾಯಿತಾ?" ಎಂದಳು ಎತ್ತಿದ ಕೂಡಲೇ.

"ಎಲ್ಲ ಬಂದಿದ್ದಾರೆ. ನೀನೆಲ್ಲಿ?"

"ಮನೆಯಲ್ಲಿ."

"ಯಾಕೆ? ಬರಲಿಲ್ಲವಾ?"

"ನನಗೆ ಯಾರು ಹೇಳಿದರು?" ಎಂದಳು ಅಮ್ಮ. ಸಿಟ್ಟು ಇರಲಿಲ್ಲ, ಕೊಂಕೂ ಇರಲಿಲ್ಲ. ಹೊತ್ತೆಷ್ಟಾಯಿತು ಎಂದು ಕೇಳಿದರೆ ಹೇಳುವ ಹಾಗೆ ಹೇಳಿದಳು. "ಸರಿ, ನೀನು ಕೆಲಸ ನೋಡಿಕೋ. ಊಟಕ್ಕೆ ತಡ ಮಾಡಬೇಡ" ಎಂದು ಫೋನಿಟ್ಟಳು.

ನಲವತ್ತು ಮನೆಗೆ ನನ್ನ ಹಿಂದೆ ಕುಳಿತು ಬಂದವಳಿಗೆ ನಾನು ಹೇಳಿದ್ದು ಒಂದೇ ಮಾತು, ಅದೂ ರಸ್ತೆಯಲ್ಲಿ, ಅದೂ ಸ್ಕೂಟರಿನ ಮೇಲಿನಿಂದ. ನನಗೆ ನಿಂತಲ್ಲೇ ಅಳು ಬಂತು. ಅಜ್ಜಿಗೆ ಹೇಳಿದೆ. ಅವರು ಸ್ವಲ್ಪವೂ ಸಮಾಧಾನ ಮಾಡಲಿಲ್ಲ. "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದರು. ಮತ್ತೆ, "ಎಷ್ಟು ದೂರ ಅಜೆಕಾರು?" ಎಂದರು.

"ಒಂದು ಗಂಟೆ ಬೇಕು ಅಜ್ಜಿ."

"ಊಟ ಒಂದೂವರೆಗೆ ಅಲ್ವಾ? ಎರಡನೆಯ ಪಂಕ್ತಿಗೆ ಮುಟ್ಟಬಹುದು. ನಡೆ. ಹೇಳಿಕೆಗೆ ಒಬ್ಬಳೇ ಹೋಗುವ ಕ್ರಮ ಇಲ್ಲ."

ನಮ್ಮ ವೃತ್ತಿಯ ಮೊದಲ ನಿಯಮ, ಕಾರ್ಯಕ್ರಮ ನಡೆಯುವಾಗ ಸಭಾಂಗಣ ಬಿಟ್ಟು ಹೋಗಬಾರದು. ಪ್ರೊಫೆಸರರಿಗೆ, "ಸರ್, ಒಬ್ಬರು ಮುಖ್ಯ ಸ್ಟೇಕ್‌ಹೋಲ್ಡರ್ ಬಿಟ್ಟುಹೋಗಿದ್ದಾರೆ, ಕರೆದುಕೊಂಡು ಬರುತ್ತೇನೆ" ಎಂದೆ. ಅವರು ಗಂಭೀರವಾಗಿ, "ಖಂಡಿತ ಹೋಗಿ" ಎಂದರು. ಕಾಕ ತನ್ನ ಹುಡುಗರಿಗೆ ಎಲ್ಲ ಒಪ್ಪಿಸಿ ಓಮ್ನಿ ವ್ಯಾನು ತೆಗೆದರು. ಅಜ್ಜಿ ಮುಂದಿನ ಸೀಟು, ನಾನು ಹಿಂದೆ ಮಡಚಿದ ಶಾಮಿಯಾನದ ಬಟ್ಟೆಯ ಮೇಲೆ. ಹಿರಿಯಡಕ ದಾಟುವವರೆಗೆ ಅಜ್ಜಿ ಕಾಕನಿಗೆ ಗುಳ್ಳದ ಗಿಡಕ್ಕೆ ಗೊಬ್ಬರ ಹಾಕುವುದನ್ನು ಕಲಿಸಿದರು. ಕಾಕ ಅಜ್ಜಿಗೆ, ತಾನು ಹಿಂದೆ ದುಡಿದಿದ್ದ ಶಾರ್ಜಾದಲ್ಲಿ ಬದನೆ ಎಷ್ಟು ಕೆಟ್ಟದಾಗಿ ಸುಡುತ್ತಾರೆಂದು ಹೇಳಿದರು. ನಾನು ಹಿಂದೆ ಕುಳಿತು ಒಮ್ಮೆ ನಗುತ್ತ, ಒಮ್ಮೆ ಮೂಗು ಒರೆಸುತ್ತ ಹೋದೆ.

ಮನೆಯ ಗೇಟಿನ ಹತ್ತಿರ ಕಾಕ, "ನಾನು ಇಲ್ಲೇ ನಿಲ್ಲುತ್ತೇನೆ. ಹೇಳಿಕೆಗೆ ಮೂರು ಜನ ಆಗಬಾರದಲ್ಲ" ಎಂದರು. ನಾನು ಮತ್ತು ಅಜ್ಜಿ ಮೆಟ್ಟಿಲು ಹತ್ತಿದೆವು.

ಅಮ್ಮ ಜಗಲಿಯಲ್ಲಿ ಮೆಷಿನಿನ ಹತ್ತಿರ ಕುಳಿತಿದ್ದಳು. ಹೊಲಿಯುತ್ತಿರಲಿಲ್ಲ. ಅಣ್ಣನ ಮದುವೆಗೆ ಉಟ್ಟಿದ್ದ ಹಸಿರು ರೇಷ್ಮೆ ಸೀರೆ ಉಟ್ಟಿದ್ದಳು, ತಲೆಯಲ್ಲಿ ಮಲ್ಲಿಗೆ, ಪಕ್ಕದಲ್ಲಿ ಕೈಚೀಲ ಮತ್ತು ಕೊಡೆ. ಮಲ್ಲಿಗೆ ಅಂಚಿನಲ್ಲಿ ಆಗಲೇ ಸ್ವಲ್ಪ ಬಾಡಿತ್ತು, ಬೆಳಿಗ್ಗೆಯೇ ಮುಡಿದದ್ದು. ನಮ್ಮನ್ನು ನೋಡಿ ಎದ್ದು ನಿಂತು ಸೆರಗು ಸರಿಮಾಡಿಕೊಂಡಳು.

"ಇದು ಸುಮ್ಮನೆ ಉಟ್ಟದ್ದು. ರೇಷ್ಮೆ ಕಪಾಟಿನಲ್ಲೇ ಇದ್ದರೆ ಮಡಿಕೆಯಲ್ಲಿ ನೂಲು ಬಿಡುತ್ತದೆ" ಎಂದಳು. ನಾವು ಯಾರೂ ಕೇಳಿರಲಿಲ್ಲ.

ನಾನು ಕುರ್ಚಿಯಲ್ಲಿ ಪೂರ್ತಿ ಕುಳಿತೆ. ಅಜ್ಜಿಯೂ ಕುಳಿತರು. ಅಮ್ಮ ಒಳಗೆ ಹೋಗಿ ತಟ್ಟೆಯಲ್ಲಿ ಬೆಲ್ಲ, ಎರಡು ಲೋಟ ನೀರು ತಂದಿಟ್ಟಳು, ತನ್ನ ಮಗಳಿಗೆ, ಮೊದಲ ಸಲ ಮನೆಗೆ ಬಂದವರಿಗೆ ಇಡುವಂತೆ. ನಾನು ಬೆಲ್ಲ ಪೂರ್ತಿ ತಿಂದೆ, ನೀರು ಪೂರ್ತಿ ಕುಡಿದೆ. ಕೂಡಲೇ ವಿಷಯಕ್ಕೆ ಬರಬಾರದೆಂದು ಅಜ್ಜಿ ಕೈ ಎತ್ತಿ ರವಕೆ ತೋರಿಸಿದರು. ಅಮ್ಮ ತೋಳಿನ ಹೊಲಿಗೆ ಮುಟ್ಟಿ ನೋಡಿ ತೃಪ್ತಿಪಟ್ಟಳು. ಆಮೇಲೆ ನಾನು ಎದ್ದು ನಿಂತು, ಬ್ಯಾಗಿನಲ್ಲಿ ಉಳಿದಿದ್ದ ಒಂದು ಕಾಗದವನ್ನು ಎರಡು ಕೈಯಲ್ಲಿ ಹಿಡಿದೆ.

"ಅಮ್ಮ, ನನ್ನದೊಂದು ಕಾರ್ಯಕ್ರಮ ಉಂಟು. ಇವತ್ತೇ. ನೀನು ಬಂದು ನಡೆಸಿಕೊಡಬೇಕು" ಎಂದೆ.

ಅಮ್ಮ ಕಾಗದ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡಳು. ಸ್ವಲ್ಪ ಹೊತ್ತು ಹಾಗೆಯೇ ಒತ್ತಿಕೊಂಡಿದ್ದಳು. ಮತ್ತೆ ಗೇಟಿನ ಕಡೆ ನೋಡಿ, "ಅವರನ್ನು ಬಿಸಿಲಿನಲ್ಲಿ ನಿಲ್ಲಿಸಿದ್ದೀಯಲ್ಲ, ಬುದ್ಧಿ ಉಂಟಾ ನಿನಗೆ? ಕಾಕನವರೇ, ಬನ್ನಿ, ಬೆಲ್ಲ ನೀರು ಕುಡಿದು ಹೋಗುವ" ಎಂದು ಕರೆದಳು.

ಓಮ್ನಿ ಹೊರಟಾಗ ಅಮ್ಮ ನನ್ನ ಪಕ್ಕದಲ್ಲಿ ಶಾಮಿಯಾನದ ಬಟ್ಟೆಯ ಮೇಲೆ ಕುಳಿತಿದ್ದಳು. ಪಕ್ಕದ ಮನೆಯ ಎದುರು ಬಂದಾಗ, "ಒಂದು ನಿಮಿಷ ನಿಲ್ಲಿಸಿ" ಎಂದಳು. ಟೀಚರು ಅಂಗಳದಲ್ಲಿ ಬಟ್ಟೆ ಒಣಗಲು ಹಾಕುತ್ತಿದ್ದರು. ಅಮ್ಮ ಕಿಟಕಿಯ ಗಾಜು ಸರಿಸಿ ತಲೆ ಹೊರಗೆ ಹಾಕಿದಳು.

"ಟೀಚರೇ, ಮಣಿಪಾಲಕ್ಕೆ ಹೋಗಿ ಬರುತ್ತೇನೆ. ನಮ್ಮ ಮಗಳು ದೊಡ್ಡ ದೊಡ್ಡ ಕಾರ್ಯಕ್ರಮ ಮಾಡಿಸುವವಳು, ಅಲ್ವಾ? ಇವತ್ತು ಅವಳದ್ದೊಂದು ಉಂಟು. ಮನೆಗೆ ಬಂದು ಹೇಳಿದ್ದಾರೆ, ಹೋಗದಿದ್ದರೆ ಆಗುವುದಿಲ್ಲ."